ಗಾರೆಯಲ್ಲಿ ಹೂತ ಮಿಷನ್ ಸ್ಟ್ಯಾಂಡು

ಹರಳೆಣ್ಣೆ ಕಾದು ಅದರ ಮೇಲೆ ಹಲಸಿನ ಮರದ ಹೊಟ್ಟು ಬಿದ್ದರೆ ಒಂದು ವಾಸನೆ ಏಳುತ್ತದೆ. ಒಳ್ಳೆಯ ವಾಸನೆಯೇನಲ್ಲ. ಒಂದು ಕಡೆ ಒಬ್ಬಟ್ಟು ಸೀಯುತ್ತಿದೆ, ಪಕ್ಕದಲ್ಲೇ ಯಾರೋ ಬಾಣಂತಿಗೆ ಎಣ್ಣೆ ನೀವುತ್ತಿದ್ದಾರೆ ಅನ್ನುವ ಹಾಗಿರುತ್ತದೆ. ನಾನು ಈಗ ಕೆಲಸ ಮಾಡುವ ಹಾಸನದ ಮರದ ಕಾರ್ಖಾನೆಯಲ್ಲಿ ಕರೆಂಟಿನ ಮೋಟಾರು. ಎಣ್ಣೆ ಡಬ್ಬದಲ್ಲಿ ಬರುತ್ತದೆ, ಅದರ ವಾಸನೆಗೆ ಹಿಂದಿಲ್ಲ ಮುಂದಿಲ್ಲ. ಹೋದ ತಿಂಗಳು ಹೊಳೆನರಸೀಪುರಕ್ಕೆ ಹೋಗಿ, ಅಪ್ಪ ತೀರಿಕೊಂಡ ಮೇಲೆ ಮುಚ್ಚಿಯೇ ಇದ್ದ ಕೆಲಸದ ಕೊಟ್ಟಿಗೆಯ ಬಾಗಿಲು ತಳ್ಳಿದೆ ನೋಡಿ, ಆ ಹಳೆಯ ವಾಸನೆ ಎದ್ದು ಬಂದು ನನ್ನ ಕೊರಳಪಟ್ಟಿ ಹಿಡಿಯಿತು. ಹೋದದ್ದು ಅಕ್ಕನನ್ನು ನೋಡಲು ಎಂದು ಹೇಳಿಕೊಂಡಿದ್ದೆ. ನಿಜವಾಗಿ ಹೋದದ್ದು ಅಲ್ಲಿದ್ದ ಒಂದು ಹೊನ್ನೆ ಹಲಗೆಗೆ. ಅಂಥ ಹಲಗೆ ಹಾಸನದಲ್ಲಿ ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಆ ಹಲಗೆ ಮೇಜಾದದ್ದು ಯುದ್ಧದ ಕಾಲದ ಒಂದು ಮಳೆಗಾಲದಲ್ಲಿ. ಸೀಮೆಎಣ್ಣೆಗೆ ಸಾಲು, ಕಬ್ಬಿಣಕ್ಕೆ ಬರ, ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡುತ್ತಿದ್ದ ಕಾಲ. ನಮ್ಮದು ಆಚಾರಿಗಳ ಮನೆ. ಅವ್ವ ಎಂದೋ ಹೋಗಿದ್ದಳು. ಉಳಿದದ್ದು ಅಪ್ಪ, ನಾನು, ಅಕ್ಕ. ಅಪ್ಪನ ಬಲಭುಜ ಆ ವರ್ಷ ಕೈಕೊಟ್ಟಿತ್ತು. ಉಜ್ಜುಗೊರಡು ಹಿಡಿದು ನಾಲ್ಕು ಸಲ ಎಳೆದರೆ ಹಲ್ಲು ಕಚ್ಚಿಕೊಂಡು ಕೂತುಬಿಡುತ್ತಿದ್ದ. ನನಗೋ ಮೀಸೆ ಬಂದಿತ್ತು, ಕಸುಬು ಇನ್ನೂ ಬಂದಿರಲಿಲ್ಲ. ಬಂದಿದ್ದ ವಿದ್ಯೆ ಒಂದೇ, ಅಣಕ. ಸ್ಟೇಷನ್ ಮಾಸ್ತರರು ಹಸಿರು ಬಾವುಟ ಬೀಸುವುದು, ನಮ್ಮ ಬೀದಿಯ ಅಜ್ಜಿ ಸೀನುವ ಮೊದಲು ದೇವರನ್ನು ಕರೆಯುವುದು, ಇದ್ದಿಲ ಬಸ್ಸು ದಿಣ್ಣೆ ಹತ್ತಲಾರದೆ ಹಿಂದೆ ಜಾರುವುದು, ಎಲ್ಲವನ್ನೂ ಮಾಡುತ್ತಿದ್ದೆ. ನನ್ನ ಮುಖಕ್ಕೆ ಸ್ವಂತದ್ದೇನೂ ಇರಲಿಲ್ಲವಾದ್ದರಿಂದ ಯಾರ ಮುಖ ಬೇಕಾದರೂ ಅದರ ಮೇಲೆ ಕೂರುತ್ತಿತ್ತು.

ಅಕ್ಕ ಗೌರಮ್ಮ ಅರಕಲಗೂಡಿಗೆ ಕೊಟ್ಟ ಹೆಣ್ಣು. ಭಾವ ಅಲ್ಲಿ ದರ್ಜಿ ಕೆಲಸ ಮಾಡುತ್ತಿದ್ದವರು, ಚಳಿಜ್ವರದಲ್ಲಿ ಹೋದರು. ಅಕ್ಕ ತವರಿಗೆ ಬಂದಾಗ ಗಾಡಿಯಿಂದ ಮೊದಲು ಇಳಿದದ್ದು ಅವರ ಕಾಲುಮಿಷನ್ನು, ಆಮೇಲೆ ಅಕ್ಕ. ಇಳಿದವಳು ಅಪ್ಪನ ಮುಂದೆ ನಿಂತು, "ಅಪ್ಪಯ್ಯ, ನಾನು ಇಲ್ಲಿ ಕುಂತು ಉಣ್ಣಕ್ಕೆ ಬಂದಿಲ್ಲ, ಒಲಿಯಕ್ಕೆ ಬಂದಿವ್ನಿ" ಅಂದಿದ್ದಳು. ಹಾಗೇ ನಡೆದುಕೊಂಡಳು. ಮನೆಗೆ ಉಪ್ಪು, ಎಣ್ಣೆ ಅವಳ ಹೊಲಿಗೆಯಿಂದಲೇ ಬರುತ್ತಿತ್ತು. ಅರಕಲಗೂಡಿನಲ್ಲಿ ಅವಳ ಗೆಳತಿ ಪುಟ್ಟಲಕ್ಷ್ಮಮ್ಮನ ಮನೆಯ ಜಗುಲಿಕೋಣೆ ಇತ್ತು. ದಸರೆ ಕಳೆದ ಮೇಲೆ ಮಿಷನ್ನಿನ ಸಮೇತ ಅಲ್ಲಿಗೆ ಹೋಗಿ, ಭಾವನ ಗಿರಾಕಿಗಳ ಹೆಂಡಿರಿಗೆ ರವಿಕೆ, ಮಕ್ಕಳಿಗೆ ಅಂಗಿ ಹೊಲಿಯುತ್ತಾ ತನ್ನ ಪಾಡಿಗೆ ತಾನಿರಬೇಕು ಎಂದು ಗೊತ್ತು ಮಾಡಿಕೊಂಡಿದ್ದಳು. "ಆ ಕ್ವಾಣೆಗೆ ಕಲ್ಲು ಆಸವ್ರೆ ಕಣ್ಲಾ. ಮಟ್ಟ ಅಂದ್ರೆ ಮಟ್ಟ. ಮಿಷನ್ ಇಟ್ರೆ ಅಳ್ಳಾಡಕಿಲ್ಲ" ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ನಮ್ಮ ಮನೆಯ ಮಣ್ಣುನೆಲದಲ್ಲಿ ಸ್ಟ್ಯಾಂಡಿನ ಒಂದು ಕಾಲು ಯಾವಾಗಲೂ ಗಾಳಿಯಲ್ಲೇ ಇರುತ್ತಿತ್ತು.

ಅಂಥ ಹೊತ್ತಿಗೆ ಚನ್ನರಾಯಪಟ್ಟಣದ ಶೆಟ್ಟರು ಬಂದರು. ದೇವರ ಪಟಗಳಿಗೆ ಗಾಜು, ಚೌಕಟ್ಟು ಹಾಕಿ ಮಾರುವ ಅಂಗಡಿ ಅವರದು. ಯಾವಾಗಲೂ ಬಾಯಿತುಂಬ ಎಲೆಅಡಿಕೆ. ರಸ ಚೆಲ್ಲಬಾರದೆಂದು ಮುಖವನ್ನು ಸೂರಿನ ಕಡೆ ಎತ್ತಿಕೊಂಡೇ ಮಾತಾಡುತ್ತಿದ್ದರು, ನಮ್ಮ ಹಂಚುಗಳಿಗೇ ಆರ್ಡರು ಕೊಡುತ್ತಿರುವವರ ಹಾಗೆ.

"ಅದಿರ್ಲಿ ಆಚಾರ್ರೇ, ಯುದ್ಧ ಬಂದಾಗಿಂದ ಜನಕ್ಕೆ ದೇವ್ರ ಮ್ಯಾಲೆ ಭಕ್ತಿ ಜಾಸ್ತಿಯಾಗದೆ. ಪಟ ಅವೆ, ಕಟ್ಟು ಇಲ್ಲ. ಅಂಚಿಗೆ ಗೆರೆ ಕೊರೆದು, ಗಾಜು ಕೂರಕ್ಕೆ ಇಂದೆ ತಗ್ಗು ಮಾಡಿದ್ ಪಟ್ಟಿ ಬೇಕು. ಎಷ್ಟಾದ್ರೂ ತಕ್ಕತೀನಿ. ಅದಿರ್ಲಿ, ದಸರಾ ಒಳಗೆ ಆಗ್ಬೇಕು."

ಅಪ್ಪ ಹೂಂ ಅಂದ. ಶೆಟ್ಟರು ಹೋದ ಮೇಲೆ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತ. ಅಷ್ಟು ಪಟ್ಟಿಗೆ ಕೈಯಲ್ಲಿ ಗೆರೆ ಎಳೆಯುವುದೆಂದರೆ ಅವನ ಭುಜಕ್ಕೂ ಆಗದು, ನನ್ನ ವಿದ್ಯೆಗೂ ಆಗದು.

ಆಗ ನಾನು ಬಾಯಿಬಿಟ್ಟೆ. ಹಾಸನದ ಒಂದು ಕಾರ್ಖಾನೆಯಲ್ಲಿ ಮೇಜಿನ ನಡುವೆ ತೂತು ಮಾಡಿ, ಕೆಳಗಿನಿಂದ ತಿರುಗುವ ಅಲಗೊಂದು ತಲೆ ಹೊರಗೆ ಹಾಕುವುದನ್ನು ನೋಡಿದ್ದೆ. ಮರವನ್ನು ಅದಕ್ಕೆ ಒತ್ತಿಕೊಂಡು ತಳ್ಳಿದರೆ ಸಾಕು, ಗೆರೆ ತಾನೇ ಬೀಳುತ್ತದೆ. ಅದನ್ನು ಬಾಯಲ್ಲಿ ವಿವರಿಸಲು ನನಗೆ ಬರಲಿಲ್ಲ. ಅದಕ್ಕೇ ಆಡಿ ತೋರಿಸಿದೆ. ಎರಡು ಹಲಗೆಗಳ ನಡುವೆ ಕುಕ್ಕುರುಗಾಲಲ್ಲಿ ಕೂತು, ತಲೆ ಮಾತ್ರ ಮೇಲೆ ಹಾಕಿ, ಹಲ್ಲುಕಿಸಿದು, "ಙೀ" ಎಂದು ಕಿರುಚುತ್ತಾ ಗರಗರ ತಿರುಗಿದೆ. ಅಕ್ಕ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪ್ಪ ನಗಲಿಲ್ಲ. ಸುತ್ತ ಒಂದು ಸುತ್ತು ಬಂದು, ನನ್ನ ತಲೆಯ ಮೇಲೆ ಒಂದು ಚಕ್ಕೆ ಇಟ್ಟು ತಳ್ಳಿ ನೋಡಿದ. "ಇನ್ನೊಂದ್ ಕಿತ ತಿರುಗ್ಲಾ. ಯಾವ್ ಕಡೀಕ್ ತಿರುಗ್ತಿತ್ತು? ಸದ್ದು ಇಂಗೇ ಇತ್ತಾ, ಇನ್ನೂ ಜೋರಾ?" ನನ್ನ ಅಣಕವನ್ನು ಅಷ್ಟು ಗಂಭೀರವಾಗಿ ನೋಡಿದ ಪ್ರೇಕ್ಷಕ ಅಪ್ಪನೊಬ್ಬನೇ.

ಹಳೇಕೋಟೆಯ ರೈತರೊಬ್ಬರಲ್ಲಿ ಹಲಸಿನ ಮರ ಸಿಕ್ಕಿತು. ಮೇಜಿಗೆ ಮನೆಯಲ್ಲೇ ಇದ್ದ ಹೊನ್ನೆ ಹಲಗೆ. ಅಪ್ಪ ಅದರ ನಡುವೆ ಬೈರಿಗೆಯಲ್ಲಿ ತೂತು ಕೊರೆದ. ಹಳೆಯ ಸೈಕಲ್ಲಿನ ಅಚ್ಚನ್ನು ಆ ತೂತಿನ ಕೆಳಗೆ ನೆಟ್ಟಗೆ ನಿಲ್ಲಿಸಿ, ಅದರ ತುದಿ ದೇವರ ಮನೆಯ ಹಿತ್ತಾಳೆ ಬಟ್ಟಲಲ್ಲಿ ಹರಳೆಣ್ಣೆಯೊಳಗೆ ಕೂರುವಂತೆ ಮಾಡಿದ. ಮೇಲ್ತುದಿಗೆ, ಸವೆದ ಅರವನ್ನು ಕುಲುಮೆಯಲ್ಲಿ ಬಡಿಸಿ ಮಾಡಿದ ಅಲಗು. ಮರ ಅತ್ತಿತ್ತ ಹೋಗದಂತೆ ಮೇಜಿನ ಮೇಲೊಂದು ಅಡ್ಡಪಟ್ಟಿ. ಎಲ್ಲ ಆಯಿತು. ಆದರೆ ಅಚ್ಚನ್ನು ತಿರುಗಿಸುವವರು ಯಾರು? ಕಾಲಲ್ಲಿ ತುಳಿದರೆ ಓಡುವ ಕಬ್ಬಿಣದ ಚಕ್ರ ಬೇಕು. ಯುದ್ಧದ ಕಾಲದಲ್ಲಿ ಅದು ಊರಿನಲ್ಲಿ ಎಲ್ಲಿ ಸಿಗಬೇಕು?

ಊರಿನಲ್ಲಿ ಬೇಡ, ಮನೆಯಲ್ಲೇ ಇತ್ತು. ಅಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಯಾರೂ ಕೇಳಲಿಲ್ಲ. ಕೇಳದೆ ಇರುವುದರಲ್ಲೂ ಕೇಳುವ ರೀತಿ ಒಂದಿದೆ. ಅಪ್ಪ ಊಟಕ್ಕೆ ಕೂತಾಗಲೆಲ್ಲ ನಿಟ್ಟುಸಿರು ಬಿಟ್ಟು ಮಿಷನ್ನಿನ ಕಡೆ ನೋಡುತ್ತಿದ್ದ. ನಾನು ಅದರ ಪಕ್ಕದಲ್ಲಿ ಓಡಾಡುವಾಗ "ಚಕ್ರ ಚೆನ್ನಾಗೈತೆ, ಅಲ್ವಾಕ್ಕ?" ಅನ್ನುತ್ತಿದ್ದೆ.

ಕೊನೆಗೆ ಅಕ್ಕನೇ, "ನಿಮ್ ಮುಸುಡಿ ನೋಡಕ್ಕಾಗಕಿಲ್ಲ ಕಣ್ರೋ. ತಕ್ಕಳಿ. ದಸರಾ ಗಂಟ ಅಷ್ಟೇಯ. ಆಮೇಲೆ ನಂಗೆ ಬೇಕು" ಅಂದಳು.

"ಆಯುಧಪೂಜೆ ಕಳೆದ್ ಮಾರನೇ ದಿನವೇ ಕಣವ್ವ" ಎಂದ ಅಪ್ಪ. ಪೂಜೆಗೆ ಎಲ್ಲ ಹತಾರಗಳೂ ಇದ್ದಲ್ಲೇ ಇರಬೇಕು, ವಿಜಯದಶಮಿಯ ದಿನ ಎತ್ತಿದರೆ ಶುಭ. ಅಪ್ಪ ಸುಳ್ಳು ಹೇಳಲಿಲ್ಲ. ಆ ಕ್ಷಣ ಅವನಿಗೆ ಅದು ನಿಜವೇ ಆಗಿತ್ತು.

ಮಿಷನ್ನಿನ ತಲೆಯನ್ನು ಬಿಚ್ಚಿ, ನಾನೇ ಮಾಡಿದ ಮಣೆಯ ಮೇಲೆ ಕೂರಿಸಿ, ಪಕ್ಕಕ್ಕೊಂದು ಮರದ ಹಿಡಿ ಹಾಕಿಕೊಟ್ಟೆ. ಕಾಲಲ್ಲಿ ತುಳಿಯುವಾಗ ಎರಡು ಕೈಯೂ ಬಟ್ಟೆಯ ಮೇಲಿರುತ್ತಿತ್ತು. ಈಗ ಒಂದು ಕೈ ಹಿಡಿ ತಿರುಗಿಸಬೇಕು, ಇನ್ನೊಂದು ಬಟ್ಟೆ ನಡೆಸಬೇಕು. ಮೊದಲ ದಿನ ಹೊಲಿದ ರವಿಕೆಯ ತೋಳು ಹೇಮಾವತಿ ಹರಿದ ಹಾಗೆ ಹೋಗಿತ್ತು. ಅಕ್ಕ ಅದನ್ನು ಎತ್ತಿ ಹಿಡಿದು, "ಈ ರವಿಕೆ ಆಕ್ಕಂಡೋಳು ಸೊಟ್ಟಗೆ ನಡೀತಾಳೆ" ಎಂದು ನಕ್ಕು, ಪೂರ್ತಿ ಬಿಚ್ಚಿ ಮತ್ತೆ ಹೊಲಿದಳು. ಸಾಯಂಕಾಲ ಬಂದು ಹಿಡಿ ತಿರುಗಿಸಿಕೊಡುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಮೊದಮೊದಲು ಕೊಡುತ್ತಿದ್ದೆ. "ಗಾಣದೆತ್ತಿನಂಗೆ ತಿರುಗಿಸ್ಬ್ಯಾಡ್ಲಾ, ಮೆತ್ತಗೆ" ಎಂದು ಬೈಸಿಕೊಳ್ಳುತ್ತಿದ್ದೆ. ಆಮೇಲೆ ಮೇಜಿನ ಕೆಲಸ ಹೆಚ್ಚಿತು.

ಇತ್ತ ಸ್ಟ್ಯಾಂಡಿನ ಮೇಲೆ ಹೊನ್ನೆ ಹಲಗೆ ಕೂರಿಸಿ ಬೋಲ್ಟು ಹಾಕಿ, ಚಕ್ರದಿಂದ ಅಚ್ಚಿಗೆ ಚರ್ಮದ ಬೆಲ್ಟು ಸುತ್ತಿದೆವು. ಮೇಜಿನ ಮೊದಲ ದಿನದ ಕಥೆ ಬೇರೆ. ಅಪ್ಪ ತುಳಿದ, ನಾನು ಪಟ್ಟಿ ತಳ್ಳಿದೆ. ಅಲಗು ತಿರುಗುವ ಕಡೆಗೇ ತಳ್ಳಿದ್ದೆ. ಪಟ್ಟಿ ನನ್ನ ಕೈಯಿಂದ ಹಾರಿ, ಬಾಗಿಲು ದಾಟಿ, ಬೀದಿಯ ಕೆಸರಿನಲ್ಲಿ ಈಟಿಯಂತೆ ನಾಟಿಕೊಂಡಿತು. ಅಲ್ಲಿ ಮಲಗಿದ್ದ ನಾಯಿ ಆಮೇಲೆ ಒಂದು ವಾರ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ಎದುರಿನಿಂದ ತಳ್ಳಬೇಕೆಂದು ತಿಳಿದ ಮೇಲೆ ಗೆರೆ ಬಿತ್ತು. ಎಂಥ ಗೆರೆ! ಬೆರಳಿಟ್ಟರೆ ಜಾರಬೇಕು. ಅಪ್ಪ ಅದನ್ನು ಸವರಿ ಸವರಿ, ಕಣ್ಣಿನ ಹತ್ತಿರ ಹಿಡಿದು, ಕೊನೆಗೆ ಮೂಸಿಯೂ ನೋಡಿದ.

ಒಂದೇ ತೊಂದರೆ. ತುಳಿದರೆ ಮೇಜು ಕುಣಿಯುತ್ತಿತ್ತು. ಗೆರೆ ನಡುಗುತ್ತಿತ್ತು. ಸ್ಟ್ಯಾಂಡಿನ ಕಾಲು ನೆಲದಲ್ಲಿ ಹೂಳಿ ಜೇಡಿಮಣ್ಣು ಮೆತ್ತಿದೆವು. ಆ ಮಳೆಗೆ ನೆಲವೆಲ್ಲ ತೇವ ಹಿಡಿದು ಜೇಡಿ ಸಡಿಲವಾಯಿತು. ಮತ್ತೆ ಕುಣಿತ. ಆಗ ಅಪ್ಪ ನನ್ನ ಮುಖ ನೋಡದೆ, "ಗಾರೆ ಆಕಾನ" ಅಂದ.

"ಗಾರೆನಾ? ಆಮೇಲೆ ಕೀಳಕ್ಕಾಯ್ತದಾ?"

"ಆರೆ ಆಕಿ ಮೀಟಿದ್ರೆ ಜಗ್ಗದೇ ಇರೋದು ಏನದ್ಲಾ? ದಸರಾ ಗಂಟ ತಾನೇ."

ಸುಣ್ಣ ತಂದವನು ನಾನು, ಮರಳು ಹೊತ್ತವನು ನಾನು, ಬೆಲ್ಲದ ನೀರು ಹಾಕಿ ಕಲಸಿದವನೂ ನಾನೇ. ಅಕ್ಕ ನೀರಿನ ಕೊಡ ತಂದಿಟ್ಟು, ಪಾದ ಮುಳುಗುವಷ್ಟು ಗುಂಡಿಯಲ್ಲಿ ಇಳಿದಿದ್ದ ತನ್ನ ಸ್ಟ್ಯಾಂಡಿನ ಕಾಲುಗಳನ್ನು ಸ್ವಲ್ಪ ಹೊತ್ತು ನೋಡಿದಳು. "ಒಳೇಲಿ ಕಾಲು ತೊಳಿಯಕ್ಕೆ ಇಳಿದಂಗೈತೆ" ಅಂದಳು. ನಾನು ಗಟ್ಟಿಯಾಗಿ ನಕ್ಕೆ, ಬೇಕಾದ್ದಕ್ಕಿಂತ ಗಟ್ಟಿಯಾಗಿ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ವಿಚಿತ್ರ ಮರ್ಯಾದೆ ಶುರುವಾಯಿತು. ಅಕ್ಕನಿಗೆ ಯಾರೂ ಎದುರಾಡುವಂತಿಲ್ಲ. ಅಪ್ಪ, ಜನ್ಮದಲ್ಲಿ ಯಾರ ಅಡಿಗೆಯನ್ನೂ ಹೊಗಳದವನು, ತುತ್ತಿಗೊಮ್ಮೆ ಹೊಗಳತೊಡಗಿದ. ಸಂತೆಯಿಂದ ಬರುವಾಗ ಅವಳಿಗೆಂದು ಹುರಿಗಡಲೆ ಪೊಟ್ಟಣ. ಅವಳು ನೀರಿಗೆ ಹೊರಟರೆ ನಾನು ಓಡಿ ಕೊಡ ಕಸಿದುಕೊಳ್ಳುವುದು. ಅಕ್ಕನಿಗೆ ಇದು ತಿಳಿಯದೇ? ಒಂದು ದಿನ ಅಡಿಗೆಮನೆಗೆ ನನ್ನನ್ನು ಕರೆದು, "ನೋಡ್ಲಾ, ಇವತ್ತು ಸಾರಿಗೆ ಉಪ್ಪೇ ಆಕಿಲ್ಲ. ನಿಮ್ಮಪ್ಪ ಏನಂತಾನೆ ನೋಡು" ಎಂದು ಪಿಸುಗುಟ್ಟಿದಳು.

ಅಪ್ಪ ಕಲಸಿ ಬಾಯಿಗಿಟ್ಟ. ಒಂದು ಗಳಿಗೆ ಅವನ ದವಡೆ ನಿಂತಿತು. ಆಮೇಲೆ ನುಂಗಿದ. "ಬಲೇ ರುಚಿ ಆಗದೆ ಮಗ" ಅಂದ. ಇನ್ನೊಂದು ಸೌಟು ಹಾಕಿಸಿಕೊಂಡ.

ಅಕ್ಕ ಮುಖ ಆಚೆ ತಿರುಗಿಸಿಕೊಂಡಳು. ನಗುತ್ತಿದ್ದಾಳೆಂದು ನಾನೂ ನಕ್ಕೆ. ಈ ಕಡೆ ತಿರುಗಿದಾಗ ಅವಳು ನಗುತ್ತಿರಲಿಲ್ಲ. ಉಪ್ಪಿನ ಮರಿಗೆ ತಂದು ಅಪ್ಪನ ಎಲೆಯ ಪಕ್ಕ ಇಟ್ಟು, "ತಪ್ಪಾಯ್ತು ಅಪ್ಪಯ್ಯ, ಮರ್ತ್ಬುಟ್ಟಿದ್ದೆ" ಅಂದಳು.

ದಸರೆ ಬಂತು. ಪಟ್ಟಿಗಳೆಲ್ಲ ಚನ್ನರಾಯಪಟ್ಟಣಕ್ಕೆ ಹೋಗಿದ್ದವು. ಅಪ್ಪನ ಭುಜವೂ ಸುಧಾರಿಸಿತ್ತು. ಆಯುಧಪೂಜೆಯ ಬೆಳಿಗ್ಗೆ ಉಳಿ, ಬಾಚಿ, ಗರಗಸ, ಮೂಲೆಮಟ್ಟ ಎಲ್ಲವನ್ನೂ ತೊಳೆದು ಸಾಲಾಗಿ ಜೋಡಿಸಿದೆವು. ಮೇಜನ್ನು ಎತ್ತುವ ಹಾಗಿಲ್ಲವಲ್ಲ, ಅದಕ್ಕೆ ಸಾಲನ್ನೇ ಅದರ ಪಕ್ಕಕ್ಕೆ ತಂದೆವು. ಭಾವ ಹೋದ ಮೇಲೆ ಅಕ್ಕ ಇಂಥ ಪೂಜೆಗಳಿಗೆ ಮುಂದೆ ಬರುತ್ತಿರಲಿಲ್ಲ. ತನ್ನ ಮಿಷನ್ನಿಗೆ ತಾನೇ, ಒಳಗಿನ ಮೂಲೆಯಲ್ಲಿ, ವಿಭೂತಿ ಹಚ್ಚಿ ಒಂದು ಹೂವಿಟ್ಟು ಮುಗಿಸುತ್ತಿದ್ದಳು. ಆ ದಿನ ಮಿಷನ್ನಿನ ತಲೆಗೆ ಹಚ್ಚಿ ಆದ ಮೇಲೆ ವಿಭೂತಿಯ ತಟ್ಟೆ ಹಿಡಿದುಕೊಂಡು ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಳು. ಅವಳ ಮಿಷನ್ನಿನ ಅರ್ಧ ಇಲ್ಲಿತ್ತು.

"ಬಾರವ್ವ. ನಿಂದೇ ಅಲ್ವಾ?" ಎಂದ ಅಪ್ಪ.

ಅವಳು ಬಗ್ಗಿ ಮೇಜಿನ ಕೆಳಗೆ ಕೈಹಾಕಿ, ತುಳಿಯುವ ಹಲಗೆಗೂ ಚಕ್ರಕ್ಕೂ ಮೂರೆಳೆ ವಿಭೂತಿ ಎಳೆದಳು. ಗಾರೆ ಅವಳ ಸೆರಗಿಗೆ ತಾಗಿತು. ಅಪ್ಪ ಬೂದುಗುಂಬಳಕಾಯಿ ಒಡೆದ.

ಮಾರನೆಯ ದಿನ ಬೆಳಗಾಗುವ ಹೊತ್ತಿಗೆ ಅಕ್ಕನ ಟ್ರಂಕು ಜಗುಲಿಗೆ ಬಂದಿತ್ತು. ಅರಕಲಗೂಡಿಗೆ ಹೋಗುವ ಗಾಡಿಯವನಿಗೂ ಹೇಳಿ ಆಗಿತ್ತು. ನಾನು ಹಾರೆ ಹಿಡಿದು ಕೊಟ್ಟಿಗೆಯಲ್ಲಿ ನಿಂತಿದ್ದೆ. ಇನ್ನೇನು ಮೊದಲ ಪೆಟ್ಟು ಹಾಕಬೇಕು, ಬಾಗಿಲಲ್ಲಿ ಶೆಟ್ಟರು. ಮುಖ ಹಂಚಿನ ಕಡೆಗೆ.

"ಅದಿರ್ಲಿ ಆಚಾರ್ರೇ, ಪಟ್ಟಿ ಅಂದ್ರೆ ಪಟ್ಟಿ! ದೀಪಾವಳಿಗೆ ಇದರ ಎರಡಷ್ಟು ಬೇಕು. ಆಗಾಕಿಲ್ಲ ಅನ್ಬ್ಯಾಡಿ."

ಅವರು ಹೋದರು. ಅಪ್ಪ ನನ್ನನ್ನು ನೋಡಿದ. "ಏನ್ಲಾ ಮಾಡಾನ?" ಅಂದ. ಅವನ ಮುಖದಲ್ಲಿ ಆಸೆ ಎಷ್ಟಿತ್ತೋ ನಾಚಿಕೆಯೂ ಅಷ್ಟೇ ಇತ್ತು. ಅಕ್ಕ ಬಾಗಿಲಲ್ಲಿದ್ದಳು. ಅವಳೂ ನನ್ನನ್ನೇ ನೋಡಿದಳು. ಕೈಯಲ್ಲಿ ಹಾರೆ ಇದ್ದವನು ನಾನು. ಮೈಭಾರವನ್ನು ಆ ಕಾಲಿನಿಂದ ಈ ಕಾಲಿಗೆ ಹಾಕಿದೆ. ಗಂಟಲು ಸರಿಮಾಡಿಕೊಂಡೆ. ಏನಾದರೂ ಅನ್ನಬೇಕಿತ್ತು. ಆಗ ನನ್ನ ಮುಖ ತಾನಾಗಿ ಸೂರಿನ ಕಡೆ ಎದ್ದಿತು. "ಅದಿರ್ಲಿ ಆಚಾರ್ರೇ..." ಎಂದು ಶೆಟ್ಟರ ದನಿಯಲ್ಲಿ ಶುರುಮಾಡಿಬಿಟ್ಟೆ. ಅಪ್ಪ ನಕ್ಕ, ಬಿಡುಗಡೆಯಾದವನ ಹಾಗೆ. ಅಕ್ಕನೂ ನಕ್ಕಳು. ನಕ್ಕ ಮೇಲೆ ಕೀಳುವ ಮಾತು ಎತ್ತುವುದು ಹೇಗೆ? ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಟ್ರಂಕು ನೆಲದ ಮೇಲೆ ಜರುಗುವ ಸದ್ದು ಕೇಳಿಸಿತು.

ದೀಪಾವಳಿ ಆದ ಮೇಲೆ ಸಂಕ್ರಾಂತಿ, ಸಂಕ್ರಾಂತಿ ಆದ ಮೇಲೆ ಯುಗಾದಿ. ಹೊರಗೆ ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು. ಒಳಗೆ ಅಕ್ಕ ಹಿಡಿ ತಿರುಗಿಸುತ್ತಲೇ ಇದ್ದಳು. ಮೇಜಿನ ಕೆಲಸ ನೋಡಿಯೇ ಹಾಸನದ ಕಾರ್ಖಾನೆಯವರು ನನ್ನನ್ನು ಕರೆದರು. ನಾನು ಬೇಗ ಹೋದೆ. ನನ್ನ ಅನ್ನಕ್ಕೆ ಆ ಸ್ಟ್ಯಾಂಡು ದಾರಿಯಾಯಿತು, ಅವಳ ದಾರಿಗೆ ಕಾಲಿಲ್ಲದಾಯಿತು. ಅವಳು ಒಂದು ದಿನವೂ ಕೆಟ್ಟ ಮಾತಾಡಲಿಲ್ಲ. ಆಡಿದ್ದರೆ ಅದನ್ನೂ ಅಣಕ ಮಾಡಿ ಅರಗಿಸಿಕೊಂಡುಬಿಡುತ್ತಿದ್ದೆನೋ ಏನೋ.

ಹೋದ ತಿಂಗಳು ಹಲಗೆಯ ಬೋಲ್ಟು ಬಿಚ್ಚಿ ಗೋಡೆಗೆ ಒರಗಿಸಿದೆ. ಸ್ಟ್ಯಾಂಡು ಬರೀ ಮೈಯಲ್ಲಿ ಗಾರೆಯೊಳಗೆ ನಿಂತಿತ್ತು. ಹಾರೆ ಗೋಡೆಯ ಮೂಲೆಯಲ್ಲೇ ಇತ್ತು. ಎತ್ತಿಕೊಂಡೆ. ಎತ್ತಿಕೊಂಡು ನಿಂತೆ. ಈಗ ಕಿತ್ತು ಏನು ಪ್ರಯೋಜನ, ಕಿತ್ತರೆ ಅವಳ ಮುಖ ನೋಡುವುದು ಹೇಗೆ, ಕೀಳದೆ ಹಲಗೆ ಮಾತ್ರ ಹೊತ್ತುಕೊಂಡು ಹೋದರೆ ನನ್ನ ಮುಖ ನಾನು ನೋಡಿಕೊಳ್ಳುವುದು ಹೇಗೆ ಎಂದುಕೊಳ್ಳುತ್ತಾ ನಿಂತಿದ್ದೆ. ಬಾಗಿಲಲ್ಲಿ ಕಿಸಕ್ಕನೆ ನಗು. ರವಿಕೆಗೆ ಅಳತೆ ಕೊಡಲು ಬಂದಿದ್ದ ಪಕ್ಕದ ಮನೆಯ ಸಾಕಮ್ಮ.

"ಅಯ್ಯೋ ಗೌರಕ್ಕ, ಬಾ ಇಲ್ಲಿ! ನೀನು ಮಾಡ್ತಿದ್ದೆಯಲ್ಲ, ಅಂಗೇ ನಿಂತವ್ನೆ ಕಣಕ್ಕ! ಇನ್ನೊಂದ್ ಕಿತ ಮಾಡಕ್ಕ, ಅವ್ನೂ ನೋಡ್ಲಿ."

ಅಕ್ಕ ಬಂದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಮೂಲೆಯ ಪೊರಕೆಯನ್ನು ಹಾರೆಯಂತೆ ಹಿಡಿದು ನಿಂತಳು. ಭಾರ ಈ ಕಾಲಿಗೆ, ಮತ್ತೆ ಆ ಕಾಲಿಗೆ. ಗಂಟಲಲ್ಲಿ ಒಂದು ಕ್ಯಾಕರಿಕೆ. ಕಣ್ಣು ಅಪ್ಪ ನಿಂತಿದ್ದ ಜಾಗಕ್ಕೆ, ಅಲ್ಲಿಂದ ಬಾಗಿಲಿಗೆ, ಬಾಗಿಲಲ್ಲಿ ನಿಲ್ಲಲಾರದೆ ಸೂರಿಗೆ. ಆಮೇಲೆ, "ಅದಿರ್ಲಿ ಆಚಾರ್ರೇ..." ಆ ದನಿ ಶೆಟ್ಟರದಲ್ಲ. ಶೆಟ್ಟರ ದನಿ ಮಾಡುತ್ತಿರುವ ನನ್ನದು. ತುದಿಯಲ್ಲಿ ಸ್ವಲ್ಪ ನಡುಗುತ್ತಿತ್ತು. ಅಂದು ಅದು ನಡುಗಿತ್ತೆಂದು ನನಗೇ ಗೊತ್ತಿರಲಿಲ್ಲ.

ಸಾಕಮ್ಮ ಕಣ್ಣೊರೆಸಿಕೊಂಡು ನಕ್ಕಳು. ಇಷ್ಟು ವರ್ಷ ಈ ಬೀದಿಯ ಹೆಂಗಸರೆಲ್ಲ ಇದನ್ನು ನೋಡಿ ನಕ್ಕಿದ್ದಾರೆ. ನಾನು ಊರವರನ್ನೆಲ್ಲ ಆಡಿಕೊಂಡೆ. ನನ್ನನ್ನು ಆಡಲು ಮನೆಯಲ್ಲೇ ನನಗಿಂತ ನುರಿತವಳಿದ್ದಳು.

ಅಕ್ಕ ಪೊರಕೆ ಕೆಳಗಿಟ್ಟಳು. "ಅಗೀತೀಯೋ, ನಿಂತ್ಕತೀಯೋ?"

ಅಗೆದೆ. ಗಾರೆ ಕಲ್ಲಾಗಿತ್ತು, ಬೆಲ್ಲ ಹಾಕಿ ಕಲಸಿದ ಪಾಪಿ ನಾನೇ ತಾನೆ. ಮಧ್ಯಾಹ್ನದವರೆಗೆ ಬಡಿದೆ, ಅಂಗೈ ಬೊಬ್ಬೆ ಬಂತು. ಅಕ್ಕ ಬಂದು ನೋಡುವಳು, ಹೋಗುವಳು. "ಪಾಪ" ಎಂದು ಒಮ್ಮೆಯೂ ಅನ್ನಲಿಲ್ಲ. ಸ್ಟ್ಯಾಂಡು ಮೇಲೆ ಬಂದಾಗ ಕಾಲುಗಳು ತುಕ್ಕು ತಿಂದು ಸಣ್ಣಗಾಗಿದ್ದವು. ಒಂದರ ಪಾದ ಗಾರೆಯಲ್ಲೇ ಉಳಿದುಹೋಯಿತು.

ಅಕ್ಕ ಸ್ಟ್ಯಾಂಡನ್ನು ಎಳೆದುಕೊಂಡು ಹೋಗಿ ತೊಳೆದಳು, ಎಣ್ಣೆ ಬಿಟ್ಟಳು, ಇಬ್ಬರೂ ಸೇರಿ ಮಿಷನ್ನಿನ ತಲೆ ಕೂರಿಸಿದೆವು. ಮೋಟುಕಾಲು ಗಾಳಿಯಲ್ಲಿತ್ತು. ಅವಳು ಕೊಟ್ಟಿಗೆಯ ಕಸದಲ್ಲಿ ಹುಡುಕಿ, ಚೌಕಟ್ಟಿಗೆಂದು ಆ ಮೇಜಿನ ಮೇಲೆ ಕೊರೆದಿದ್ದ ಹಲಸಿನ ಪಟ್ಟಿಯ ತುಂಡೊಂದನ್ನು ತಂದು ಆ ಕಾಲಿನ ಕೆಳಗೆ ತುರುಕಿದಳು. ಕೂತು ತುಳಿದಳು. ಎರಡು ಕೈಯೂ ಬಟ್ಟೆಯ ಮೇಲೆ. ಹೊಲಿಗೆ ನೆಟ್ಟಗೆ ಓಡಿತು.

ನಾನು ಅಲ್ಲೇ ನಿಂತು, "ಹಲಗೆ ಹಾಸನಕ್ಕೆ ತಗೊಂಡು ಹೋಗಲ್ಲಕ್ಕ. ಇದಕ್ಕೆ ಹೊಸ ಕಾಲು ಎರಕ ಹೊಯ್ಸಿ ತರ್ತೀನಿ" ಎಂದೆ. ಅಣಕವಿಲ್ಲದ ನನ್ನ ದನಿ ನನ್ನ ಕಿವಿಗೇ ಯಾರದ್ದೋ ಅನ್ನಿಸಿತು.

ಅವಳು ತುಳಿಯುವುದನ್ನು ನಿಲ್ಲಿಸಲಿಲ್ಲ. "ಕಾಲು ಆಮೇಲೆ ತಂದ್ಕೊಡು. ನಾಳಿಕ್ಕೆ ಒಂದು ಗಾಡಿ ಗೊತ್ತು ಮಾಡು ಕಣ್ಲಾ. ಪುಟ್ಟಲಕ್ಷ್ಮಮ್ಮ ಮೊನ್ನೆ ಸಂತೇಲಿ ಸಿಕ್ಕಿದ್ಲು, ಆ ಕ್ವಾಣೆ ಖಾಲಿ ಅದಂತೆ" ಅಂದಳು. ಹೊಲಿಗೆಯ ತುದಿಗೆ ಬಂದು, ದಾರವನ್ನು ಹಲ್ಲಿನಿಂದ ಕಡಿದು, ಕಾಲಿನಡಿಯ ಪಟ್ಟಿಯ ಕಡೆ ನೋಡಿದಳು.

"ಈ ಚಕ್ಕೇನೂ ಗಾಡೀಗ್ ಆಕು. ಅಲ್ಲಿ ನೆಲ ಮಟ್ಟ ಐತೆ. ಮಿಷನ್ನೇ ಈಗ ಸೊಟ್ಟ."